ಎಣ್ಣೆ ಬಟ್ಟಲು ಮಾತ್ರ ಬಿಟ್ಟುಕೊಡಲಿಲ್ಲ

ಹೆರಿಗೆಯಾದ ಎರಡನೇ ವಾರ ತಲೆನೋವು ಶುರುವಾಯಿತು. ಮಲಗಿದರೆ ಇನ್ನೂ ಜಾಸ್ತಿ. ನಂಜಿರಬೇಕು ಅಂತ ಕಷಾಯ ಕೊಟ್ಟರು. ವಾಂತಿಯಾಯಿತು, ಆಮೇಲೆ ಫಿಟ್ಸ್ ಬಂತು. ಎಚ್ಚರವಾದಾಗ ಬಲಗೈ, ಬಲಗಾಲಿಗೆ ಶಕ್ತಿ ಇರಲಿಲ್ಲ, ಬಾಯಿಗೆ ಮಾತು ಬರಲಿಲ್ಲ. ಮೆದುಳಿನ ರಕ್ತವನ್ನು ಹೃದಯದ ಕಡೆಗೆ ವಾಪಸ್ ಒಯ್ಯುವ ಸಿರೆಯಲ್ಲಿ ಹೆಪ್ಪುಗಟ್ಟಿತ್ತು. ಹೆರಿಗೆಯಾಗಿ ಆರು ವಾರದವರೆಗೂ ರಕ್ತ ಬೇಗ ಹೆಪ್ಪುಗಟ್ಟುತ್ತದಂತೆ. ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಹೆಚ್ಚು. ನಮ್ಮ ಕಡೆ ಬಾಣಂತಿಗೆ ನೀರೇ ಕೊಡುವುದಿಲ್ಲ. ಈ ಪದ್ಧತಿ ನಿಲ್ಲಬೇಕು. ಬಿಸಿನೀರಾದರೂ ಸರಿ, ಕೇಳಿದಷ್ಟು ಕೊಡಿ.

ಆಸ್ಪತ್ರೆಯಿಂದ ಮಂಡ್ಯಕ್ಕೆ ಬರುವಷ್ಟರಲ್ಲಿ ಮಗಳ ಕೆಲಸವನ್ನೆಲ್ಲ ಅವ್ವ, ಅತ್ತೆ ಹಂಚಿಕೊಂಡಿದ್ದರು. "ನೀನು ಮೊದ್ಲು ಹುಷಾರಾಗವ್ವ" ಅನ್ನುತ್ತಿದ್ದರು. ಪ್ರೀತಿಯ ಮಾತೇ. ಆದರೆ ಪೂರ್ತಿ ಹುಷಾರಾಗುವವರೆಗೂ ನಾನು ಮಗುವನ್ನು ದೂರದಿಂದಲೇ ನೋಡುತ್ತಿರಬೇಕಿತ್ತು. ಒಂದು ಕೆಲಸವಾದರೂ ನನ್ನದಾಗಿರಲಿ ಅನ್ನಿಸಿತು. ಹೇಳಲು ಮಾತಿಲ್ಲ, ಸ್ನಾನಕ್ಕೆ ಮುಂಚಿನ ಎಣ್ಣೆ ಬಟ್ಟಲನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟೆ.

ಗೋಡೆಗೆ ಒರಗಿ ಚಾಪೆಯ ಮೇಲೆ ಕೂರುತ್ತಿದ್ದೆ. ಮಗುವೂ ನೆಲದ ಮೇಲೆ, ಬೀಳುವ ಭಯವಿಲ್ಲ. ಮುದುರಿದ ನನ್ನ ಬೆರಳುಗಳನ್ನು ಅವ್ವ ಒಂದೊಂದಾಗಿ ಬಿಡಿಸಿ ಅಂಗೈಗೆ ಎಣ್ಣೆ ಹಾಕುತ್ತಿದ್ದಳು. ಬಲಗೈ ಮೇಲೆ ಎಡಗೈ ಇಟ್ಟು ಮಗುವಿನ ಎದೆಯಿಂದ ಹೊಟ್ಟೆಗೆ, ತೊಡೆಯಿಂದ ಪಾದಕ್ಕೆ ನೀವುತ್ತಿದ್ದೆ. ಮಗಳು ಒದ್ದಾಗ ಅಂಗೈಗೆ ತಿಳಿಯುತ್ತಿತ್ತು. ಕೈಗೆ ಇದೂ ಒಳ್ಳೆ ವ್ಯಾಯಾಮ, ಬಿಡಬೇಡಿ ಅಂದರು ಫಿಸಿಯೋಥೆರಪಿಯವರು. ನೀರು ಹಾಕುವುದು, ಎತ್ತಿಕೊಂಡು ಓಡಾಡುವುದು ನನಗೆ ಬೇಡವೆಂದೆವು. ಫಿಟ್ಸ್ ಮತ್ತೆ ಬರಬಹುದಾದಾಗ ಆ ಎಚ್ಚರ ಬೇಕೇ ಬೇಕು.

ಮಾತಿಗಾಗಿ ಮೈಸೂರಿನ ಮಾನಸಗಂಗೋತ್ರಿಯ ಆಯಿಷ್‌ಗೆ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ರೈಲಿನಲ್ಲಿ ಹೋಗಿ ಬರುತ್ತಿದ್ದೆವು. ವಿಚಿತ್ರವೆಂದರೆ 'ನೀರು' ಅನ್ನಲು ಬಾರದ ಬಾಯಿಗೆ ಒಂದು, ಎರಡು, ಮೂರು ಸಾಲಾಗಿ ಬರುತ್ತಿತ್ತು, ಜೋಗುಳವೂ ಬರುತ್ತಿತ್ತು. ಮೆದುಳಿಗೆ ಏಟಾಗಿ ಮಾತು ತಪ್ಪುವ ಈ ತೊಂದರೆಗೆ ಅಫೇಸಿಯಾ ಅನ್ನುತ್ತಾರೆ. ಇದರಲ್ಲಿ ಹಾಡು ಉಳಿದುಕೊಳ್ಳುವುದುಂಟು. ಅದೇ ರಾಗದಲ್ಲಿ "ಹಾಲು ಬೇಕಾ", "ಬಾ ಕಂದ" ಅಂತ ಮಗಳ ಜೊತೆ ಅಭ್ಯಾಸ ಮಾಡಿದೆ. ದೊಡ್ಡವರು ತಡೆಯಲಾರದೆ ನನ್ನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಮಗಳು ನನ್ನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದಳು. ಮನೆಯಲ್ಲಿ ಇಂಥವರಿದ್ದರೆ ದಯವಿಟ್ಟು ಕಾಯಿರಿ, ಪದ ಎತ್ತಿ ಕೊಡಬೇಡಿ.

ರಕ್ತ ಮತ್ತೆ ಹೆಪ್ಪುಗಟ್ಟದಂತೆ ಕೊಟ್ಟ ವಾರ್ಫರಿನ್ ಮಾತ್ರೆ ಎದೆಹಾಲಿಗೆ ಹೋಗುವುದು ತೀರಾ ಕಡಿಮೆ, ಹಾಲು ನಿಲ್ಲಿಸಬೇಕಿಲ್ಲ ಎಂದರು ಡಾಕ್ಟರು. ಫಿಟ್ಸ್ ಮಾತ್ರೆಯ ಬಗ್ಗೆ ಬೇರೆಯಾಗಿ ಕೇಳಿಕೊಂಡೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ, ಐಎನ್‌ಆರ್, 2ರಿಂದ 3ರೊಳಗೆ ಇರಬೇಕಿತ್ತು. ಸೊಪ್ಪು ತಿನ್ನುವುದು ಹೆಚ್ಚುಕಡಿಮೆಯಾದರೆ ಆ ಅಂಕಿಯೂ ಏರುಪೇರಾಗುತ್ತದೆ, ಹಾಗಂತ ಸೊಪ್ಪು ಬಿಡಲಿಲ್ಲ. ಬಸ್ಸಾರು ಒಂದು ದಿನ ಬಟ್ಟಲು ತುಂಬ, ಇನ್ನೊಂದು ದಿನ ಏನೂ ಇಲ್ಲ ಅನ್ನುವಂತಾಗದೆ ಒಂದೇ ಅಳತೆಯಲ್ಲಿ ತಿಂದೆ. ಈಸ್ಟ್ರೊಜನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ನಮ್ಮಂಥವರಿಗೆ ಆಗದು. ಇನ್ನೊಂದು ಮಗು ಬೇಕೆಂದಿದ್ದರೆ ಬಸಿರಾಗುವ ಮುಂಚೆಯೇ ಡಾಕ್ಟರ ಜೊತೆ ಮಾತಾಡಿ. ಆಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಬೇಕಾಗಬಹುದು.