ಲಕ್ಕುಂಡಿಯಲ್ಲಿ ರೂಮು ಕೈಕೊಟ್ಟಿತು, ರೊಟ್ಟಿ ಕೈಹಿಡಿಯಿತು

ಹುಬ್ಬಳ್ಳಿಯಿಂದ ಹಂಪಿಗೆ ಹೋಗುವ ಕಾರು ಲಕ್ಕುಂಡಿಯಲ್ಲಿ ಅರ್ಧ ತಾಸು ನಿಲ್ಲುತ್ತದೆ. ಕಾಶಿವಿಶ್ವೇಶ್ವರ ಗುಡಿ ಮುಂದೆ ನಾಲ್ಕು ಫೋಟೊ, ಒಂದು ಬಾಟಲಿ ನೀರು, ಮುಗೀತು. ಊರಿಗೆ ಉಳಿಯೋದು ಆ ನೀರಿನ 20 ರೂಪಾಯಿ. ಆ ಅರ್ಧ ತಾಸನ್ನು ಮೂರು ತಾಸು ಮಾಡಬೇಕು, ದುಡ್ಡು ನಾಲ್ಕಾರು ಮನೆಗೆ ಹೋಗಬೇಕು ಅಂತ ಆರು ವರ್ಷ ಒದ್ದಾಡಿದ್ದೇನೆ. ಊರಿನ ಮನೆಗಳಲ್ಲೇ ರೊಟ್ಟಿ ಊಟ ಹಾಕಿ ಈಗ ಆಗಿದೆ. ಅಂದು ನಕ್ಕವರೇ ಇಂದು ‘ನಮ್ಮ ಪಾಳಿ ಯಾವಾಗ’ ಅಂತ ಕೇಳುತ್ತಾರೆ.

ಮೊದಲು ಎಲ್ಲರಂತೆ ನಾನೂ ಹೋಂಸ್ಟೇ ಅಂತ ಹೋದೆ. ಮಹಡಿ ಮೇಲೆ ಎರಡು ರೂಮು, ನಾಲ್ಕೂವರೆ ಲಕ್ಷ ಸಾಲ. ಮೊದಲ ವರ್ಷ 20 ರಾತ್ರಿ ಜನ ಬಂದಿದ್ದರೆ ಜಾಸ್ತಿ. ಹನ್ನೆರಡು ಕಿಲೋಮೀಟರ್‌ಗೆ ಗದಗ ಇದೆ, ಇಲ್ಲಿ ಯಾಕೆ ಮಲಗುತ್ತಾರೆ ಅಲ್ವಾ? ಆಮೇಲೆ ಟೆಂಪೊ ಡ್ರೈವರ್‌ಗಳಿಗೆ ಕಮಿಷನ್ ಕೊಟ್ಟೆ. ಒಂದೇ ಸೀಸನ್‌ಗೆ ಸುಮಾರು 18 ಸಾವಿರ ಹೋಯಿತು. ಕೊಡೋದು ಬಿಟ್ಟೆ, ಗಾಡಿ ಬರೋದೂ ನಿಂತಿತು. ಈಗ ಕಮಿಷನ್ ಇಲ್ಲದೆಯೇ ಬರುತ್ತವೆ.

ಮನೆಯಲ್ಲೇ ಊಟ ಹಾಕೋಣ ಅಂದಾಗ ಓಣಿಯ ಹಿರಿಯರೊಬ್ಬರು, ‘ಬೆಂಗಳೂರಿನವ್ರು ನಮ್ಮ ಪಡಸಾಲ್ಯಾಗ ಕುಂತು ರೊಟ್ಟಿ ಉಣ್ತಾರೇನೋ ತಮ್ಮಾ?’ ಅಂದರು. ಉಂಡರು. ಆದರೆ ಹೆಣ್ಣುಮಕ್ಕಳು ಕಾಲು ತಾಸಿಗೇ ಎದ್ದು ಹೊರಡುತ್ತಿದ್ದರು. ಖಾರ ಜಾಸ್ತಿ ಆಯಿತೇನೋ ಅಂತ ನಮ್ಮವರು ಚಿಂತೆ ಮಾಡಿದರು. ಖಾರ ಅಲ್ಲ, ಶೌಚಾಲಯ! ಐದು ಮನೆಗೆ ಟೈಲ್ಸ್, ಚಿಲಕ, ಲೈಟು, ನೀರಿನ ಡ್ರಮ್ಮು ಹಾಕಿಸಿದೆವು. ಮನೆಗೆ 11–12 ಸಾವಿರ ಬಿತ್ತು. ಅವತ್ತಿನಿಂದ ಜನ ಎಲೆ ಅಡಿಕೆ ಹಾಕಿಕೊಂಡು ಹರಟೆ ಹೊಡೆಯುತ್ತ ಕೂತರು. ಈ ಕೆಲಸ ಶುರು ಮಾಡುವವರು ಮೊದಲು ಚಿಲಕ ನೋಡಿ, ಆಮೇಲೆ ಬೋರ್ಡು ಬರೆಸಿ.

ರೊಟ್ಟಿ ಮಾಡಿ ಮುಚ್ಚಿಡಬಾರದು. ಬಂದವರ ಎದುರಿಗೇ ಬಡಿಯಬೇಕು. ನೀರು ಸವರಿ ತಿರುವಿದ ರೊಟ್ಟಿಯನ್ನು ಒಲೆಯ ಬಾಯಿಗೆ ಆನಿಸಿದಾಗ ಬುಸ್ಸಂತ ಉಬ್ಬುತ್ತದೆ. ಮಕ್ಕಳು ಕೂಗುತ್ತಾರೆ, ಫೋನು ಹೊರಗೆ ಬರುತ್ತವೆ. ಜೊತೆಗೆ ಎಣಗಾಯಿ, ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ, ಹಸಿ ಮೆಂತ್ಯೆ, ಗಟ್ಟಿ ಮೊಸರು. ತಲೆಗೆ 220 ರೂಪಾಯಿ. 130 ಅಡಿಗೆ ಮಾಡಿದ ಮನೆಗೆ, 40 ಗುಡಿ ತೋರಿಸುವ ಹುಡುಗರಿಗೆ, 20 ಶೌಚಾಲಯದ ಡಬ್ಬಿಗೆ, 30 ನನಗೆ. ಲೆಕ್ಕ ಅವತ್ತೇ ಸಂಜೆ ಚುಕ್ತಾ. ಕಳೆದ ಸೀಸನ್‌ನಲ್ಲಿ ಅಂದಾಜು 1,900 ಊಟ ಹೋಯಿತು. ಒಂಬತ್ತು ಮನೆಗಳಿಗೆ ತಲಾ 27 ಸಾವಿರದ ಹತ್ತಿರ ಬಂತು. ಜೋಳ, ಎಣ್ಣೆ, ಗ್ಯಾಸು ಕಳೆದು ಅರ್ಧಕ್ಕಿಂತ ಜಾಸ್ತಿಯೇ ಉಳಿದಿದೆ.

ಹುಡುಗರು ಮೊದಮೊದಲು ಇಸವಿಗಳನ್ನೇ ಒಪ್ಪಿಸುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಈಗ ಬ್ರಹ್ಮಜಿನಾಲಯದಲ್ಲಿ ಅತ್ತಿಮಬ್ಬೆಯ ಕಥೆ ಹೇಳುತ್ತಾರೆ. 1007ರಲ್ಲಿ ಈ ಬಸದಿ ಕಟ್ಟಿಸಿದ ಹೆಣ್ಣುಮಗಳು, ಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು ಅಂದರೆ ಎಂಥವರೂ ನಿಂತು ಕೇಳುತ್ತಾರೆ. ಮೆಟ್ಟಿಲಿಳಿದು ಹೋಗುವ ಹಳೇ ಮುಸುಕಿನ ಬಾವಿ ಮಾತ್ರ ಕೊನೆಗೆ ತೋರಿಸುತ್ತೇವೆ. ಅದನ್ನು ಮೊದಲೇ ತೋರಿಸಿದರೆ ಕಾರು ಹೊರಟುಬಿಡುತ್ತದೆ.

ಒಮ್ಮೆ 40 ಜನರ ಬಸ್ಸು ಬರುತ್ತೇನೆ ಅಂತ ಹೇಳಿ ಬರಲೇ ಇಲ್ಲ. ಪಲ್ಯ, ಮೊಸರು ಸೇರಿ ಆರು ಸಾವಿರ ಕೈಬಿಟ್ಟಿತು. ಅಂದಿನಿಂದ ಅರ್ಧ ದುಡ್ಡು ಮುಂಗಡ. ಆದರೆ ಅವತ್ತು ಅಷ್ಟು ಜನಕ್ಕೆ ಅಂತ ಮೊದಲೇ ಬಡಿದಿಟ್ಟ ರೊಟ್ಟಿಯನ್ನು ಖಡಕ್ ಮಾಡಿದ್ದೆವು. ಮರುದಿನ ಬಂದವರು ಹತ್ತರ ಕಟ್ಟು 80 ರೂಪಾಯಿಯಂತೆ ಎಲ್ಲಾ ಒಯ್ದರು. ಈಗ ಮೂರು ಮನೆಯವರು ಅದನ್ನೇ ಬೇರೆ ವ್ಯಾಪಾರ ಮಾಡಿಕೊಂಡಿದ್ದಾರೆ.

ನಮ್ಮ ಗದಗ ಜಿಲ್ಲೆಯದೇ ಮಾಗಡಿ ಕೆರೆಯಲ್ಲೂ ಕೈಹಾಕಿದ್ದೇನೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ತಾಣಗಳ ಪಟ್ಟಿಗೆ ಸೇರಿದ ಕೆರೆ ಅದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಸುತ್ತಲಿನ ಹೊಲದಲ್ಲೇ ಮೇಯುತ್ತವೆ. ಹಕ್ಕಿ ನೋಡಲು ಬಂದವರಿಂದ ಆ ಹೊಲದವರಿಗೆ ನಾಲ್ಕು ಕಾಸು ಸಿಗಬೇಡವೇ? ಕಳೆದ ಜನವರಿಯಲ್ಲಿ ಬೆಳಗಿನ ಮಂಡಕ್ಕಿ-ಚಹಾ ಇಟ್ಟು ನೋಡಿದೆ, ಎಂಟು ದಿನಕ್ಕೆ ನಿಲ್ಲಿಸಿದೆ. ಬೆಳಗಿನ ಆರಕ್ಕೆ ಚಹಾ ಕಾಸುವವರು ಕೆರೆ ಪಕ್ಕದವರೇ ಆಗಬೇಕು, ಗದಗಿನಿಂದ ಫ್ಲಾಸ್ಕು ಒಯ್ದರೆ ಆಗದು. ಈ ಡಿಸೆಂಬರ್‌ಗೆ ಅಲ್ಲಿನ ಎರಡು ಮನೆ ಒಪ್ಪಿವೆ. ಚಿಲಕ ಹಾಕಿಸಿ ಬಂದಿದ್ದೇನೆ.