ಕೋಟಿ ಕೇಳಿದವನಿಗೆ ಕೋತಿ ಸಿಕ್ಕಿತು

ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟಿತೆಂದರೆ ನಮ್ಮ ಪಂಚಾಯಿತಿ ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಹೊಸಬರು ಯಾರಾದರೂ ನೋಡಿದರೆ, ಹಾವೇರಿ ಜಿಲ್ಲೆಯ ಈ ಹಳ್ಳಿಯಲ್ಲಿ ಮಕ್ಕಳಿಗೆ ಇದೆಂಥ ಓದಿನ ಹುಚ್ಚಪ್ಪ ಅನ್ನಬೇಕು. ಹುಚ್ಚೇನೋ ಇತ್ತು, ಆದರೆ ಅದು ಕ್ಯಾರಂ ಬೋರ್ಡಿನದು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಬಂದು 6ರಿಂದ 18 ವರ್ಷದ ಮಕ್ಕಳಿಗೆಲ್ಲ ಸದಸ್ಯತ್ವ ಉಚಿತವಾದಾಗ, ಗ್ರಂಥಾಲಯ ನೋಡಿಕೊಳ್ಳುವ ನಾನು ಮನೆಮನೆ ತಿರುಗಿ ಹೆಸರು ಬರೆಸಿಕೊಂಡಿದ್ದೆ. ಸದಸ್ಯರ ರಿಜಿಸ್ಟರು ತುಂಬಿತು. ಪುಸ್ತಕ ಒಯ್ದವರ ರಿಜಿಸ್ಟರಿನಲ್ಲಿ ಮಾತ್ರ ತಿಂಗಳಿಗೆ ಒಂದು ಪುಟವೂ ಮುಗಿಯುತ್ತಿರಲಿಲ್ಲ.

ತಪ್ಪು ನನ್ನದೇ ಇತ್ತು, ಗೊತ್ತಾಗಲು ತಡವಾಯಿತು. ಮಕ್ಕಳ ಕೈಗೆ ‘ಒಳ್ಳೆಯ’ ಪುಸ್ತಕ ಕೊಡುವುದು, ತಂದು ವಾಪಸ್ ಕೊಟ್ಟಾಗ ‘ಇದರ ನೀತಿ ಏನು?’ ಎಂದು ಕೇಳುವುದು, ಇದು ನನ್ನ ಪದ್ಧತಿ. ನನಗೂ ಸಣ್ಣಂದಿನಲ್ಲಿ ಹಾಗೆಯೇ ಕೇಳಿದ್ದರು. ಏಳನೇತ್ತೆಯ ಒಬ್ಬ ಹುಡುಗನಿದ್ದ. ಅವನನ್ನು ಇಲ್ಲಿ ಕ್ಯಾರಂ ಹುಡುಗ ಎಂದೇ ಕರೆಯುತ್ತೇನೆ, ಸ್ಟ್ರೈಕರ್ ಅವನ ಬೆರಳಿಗೇ ಅಂಟಿಕೊಂಡು ಹುಟ್ಟಿತ್ತೋ ಏನೋ. ಒಂದು ದಿನ ಅವನ ಕೈಗೆ ಪುಸ್ತಕ ಇಟ್ಟೆ. ಮುಖಪುಟವನ್ನೂ ತಿರುಗಿಸದೆ, ‘ಹಿರಿಯರ ಮಾತು ಕೇಳಬೇಕು. ಅಲ್ಲಂದ್ರ, ಸುಳ್ಳು ಹೇಳಬಾರದು. ಎರಡ್ರಾಗ ಒಂದು ಇರತೈತ್ರಿ ಅಕ್ಕಾರ’ ಅಂದ. ಆ ಪುಸ್ತಕದ ನೀತಿ ಸುಳ್ಳು ಹೇಳಬಾರದು ಎಂಬುದೇ ಆಗಿತ್ತು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಪತ್ರಿಕೆಯನ್ನು ಯಾರು ಓದುತ್ತಾರೆ?

ಬದಲಾದದ್ದು ಕರೆಂಟು ಹೋದ ಒಂದು ಸಂಜೆ. ಕತ್ತಲಲ್ಲಿ ಕ್ಯಾರಂ ಕಾಯಿ ಕಾಣದೆ ಗಲಾಟೆ ಎದ್ದಿತ್ತು. ಅವರನ್ನು ಸುಮ್ಮನಿರಿಸಲು ತೆನಾಲಿ ರಾಮನ ಕಥೆ ಶುರು ಮಾಡಿದೆ. ಎಲ್ಲರಿಗೂ ಗೊತ್ತಿರುವುದೇ: ಕಾಡಿನ ಗುಡಿಯಲ್ಲಿ ಕಾಳಿ ಸಾವಿರ ತಲೆ ಹೊತ್ತು ಪ್ರತ್ಯಕ್ಷಳಾಗುತ್ತಾಳೆ, ಹೆದರಬೇಕಾದ ಹುಡುಗ ಬಿದ್ದುಬಿದ್ದು ನಗುತ್ತಾನೆ. ಯಾಕೋ ನಗ್ತೀ ಎಂದರೆ, ‘ತಾಯಿ, ನನಗೆ ನೆಗಡಿಯಾದರೆ ಇರೋ ಒಂದು ಮೂಗು ಒರೆಸೋಕೆ ಎರಡು ಕೈ ಸಾಲೋದಿಲ್ಲ. ನಿನಗೆ ನೆಗಡಿಯಾದರೆ ಹೆಂಗೆ?’

ಆ ಕತ್ತಲೆಯಲ್ಲಿ ಎದ್ದ ನಗುವಿಗೆ ಪಕ್ಕದ ಕೋಣೆಯಿಂದ ಪಂಚಾಯಿತಿ ಸಿಬ್ಬಂದಿ ಟಾರ್ಚು ಹಿಡಿದು ಓಡಿಬಂದರು. ಸಾವಿರ ಮೂಗಿನ ಸಿಂಬಳ ಎಷ್ಟು ಕೊಡ ಆಗುತ್ತದೆ, ಸೀನಿದರೆ ಯಾವ ಊರಿನ ತನಕ ಹಾರುತ್ತದೆ ಎಂಬ ಲೆಕ್ಕಾಚಾರ ಬಹಳ ಹೊತ್ತು ನಡೆಯಿತು. ಕಾಳಿ ಎರಡು ಬಟ್ಟಲು ಹಿಡಿದು, ಹಾಲಿನದು ವಿದ್ಯೆ, ಮೊಸರಿನದು ಸಂಪತ್ತು, ಒಂದನ್ನು ಆರಿಸು ಎಂದಳು ಎನ್ನುವಲ್ಲಿಗೆ ಕರೆಂಟು ಬಂತು. ನನಗೂ ಮನೆಗೆ ಹೋಗುವ ಅವಸರ. ‘ಮುಂದಿಂದು ಆ ಹಳದಿ ಪುಸ್ತಕದಾಗ ಐತಿ’ ಎಂದು ಬೀಗ ತೆಗೆದುಕೊಂಡೆ. ಮರುದಿನ ಆ ಪುಸ್ತಕಕ್ಕೆ ಇಬ್ಬರು ಜಗ್ಗಾಡಿ ಬೆನ್ನು ಹರಿಯಿತು. ಎಂಟು ವರ್ಷದ ನೌಕರಿಯಲ್ಲಿ ಓದಲಿಕ್ಕಾಗಿ ಹರಿದ ಮೊದಲನೆಯ ಪುಸ್ತಕ ಅದು.

ಆಮೇಲೆ ಅದನ್ನೇ ಉಪಾಯ ಮಾಡಿಕೊಂಡೆ. ಜೋರಾಗಿ ಓದುವುದು, ಸರಿಯಾದ ಕಡೆ ನಿಲ್ಲಿಸುವುದು, ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ ‘ಚಾ ಕುಡದು ಬರ್ತೀನಿ’ ಎಂದು ಹೊರಗೆ ಹೋಗುವುದು. ಎಲ್ಲಿ ನಿಲ್ಲಿಸಬೇಕು ಎಂಬುದೇ ಇದರ ಕಸುಬು. ಮೊದಮೊದಲು ರಾಕ್ಷಸ ಬಾಯಿ ತೆರೆದಾಗ ನಿಲ್ಲಿಸುತ್ತಿದ್ದೆ, ಹೆದರಿಕೆಗೆ ಮುಂದೆ ಓದುತ್ತಾರೆ ಎಂದು. ಓದಲಿಲ್ಲ. ರಾಜಕುಮಾರ ಸಾಯುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ರಾಕ್ಷಸ ಬಾಯಿ ತೆರೆದ, ಒಳಗೆ ನೋಡಿದ ರಾಜಕುಮಾರ ಒಂದು ಮಾತು ಅಂದ, ರಾಕ್ಷಸನಿಗೆ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡ. ಏನಂದ? ಅಲ್ಲಿ ನಿಲ್ಲಿಸಬೇಕು. ಅಪಾಯ ಹೇಗೆ ಮುಗಿಯುತ್ತದೆಂದು ಊಹಿಸಬಹುದು, ಜೋಕನ್ನು ಊಹಿಸಲು ಬರುವುದಿಲ್ಲ. ಅದಕ್ಕೆ ಓದಲೇಬೇಕು. ನಾನು ಚಹಾ ಅಂಗಡಿಯಿಂದ ವಾಪಸ್ ಬರುವಷ್ಟರಲ್ಲಿ ಒಳಗಿಂದ ನಗು ಕೇಳಿಸಿದರೆ ಆ ದಿನದ ಕೆಲಸ ಆಯಿತು ಎಂದು ಲೆಕ್ಕ.

ಆದರೆ ಓದಲು ಬರುವವರು ಓದಿದರು, ಉಳಿದವರು ಅವರ ಬಾಯಿಂದ ಕೇಳಿ ನಕ್ಕರು. ಐದು, ಆರನೇತ್ತೆಗೆ ಬಂದರೂ ಒತ್ತಕ್ಷರ ಎದುರಾದರೆ ತಡವರಿಸುವವರು, ಕೊಂಬು ಇದೆಯೋ ಏತ್ವ ಇದೆಯೋ ನೋಡದೆ ಅಂದಾಜಿನಲ್ಲಿ ಓದುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ದಾರಿ ತೋರಿಸಿದವನು ಕುಂಭಕರ್ಣ.

ಜನ ಹೇಳುವ ಕಥೆಯಲ್ಲಿ ಕುಂಭಕರ್ಣ ಬ್ರಹ್ಮನನ್ನು ಇಂದ್ರಾಸನ ಕೇಳಲು ಹೊರಟವನು, ಸರಸ್ವತಿ ನಾಲಿಗೆಯ ಮೇಲೆ ಕುಳಿತದ್ದಕ್ಕೆ ನಿದ್ರಾಸನ ಎಂದುಬಿಟ್ಟ. ಎರಡೂ ಪದವನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದೆ. ಬಾಲ ಒಂದೇ, ಮೂತಿ ಮಾತ್ರ ಬೇರೆ. ಅಷ್ಟಕ್ಕೆ ಆರು ತಿಂಗಳ ನಿದ್ದೆ! ಹಾಗಾದರೆ ಓದಲು ಬಾರದ ಒಬ್ಬ ರಾಜ ದೇವರಿಗೆ ಚೀಟಿ ಬರೆದರೆ ಏನೇನಾಗಬಹುದು ಎಂದು ಕೇಳಿದೆ. ಕೋಟಿ ಕೊಡು ಎಂದು ಬರೆಯಲು ಹೋಗಿ ಕೋತಿ ಕೊಡು ಎಂದು ಬರೆದ. ಅರಮನೆ ತುಂಬ ಕೋತಿ. ಅವನ್ನು ಓಡಿಸಲು ಕತ್ತಿ ಕೇಳಿದ, ಬಂದದ್ದು ಕತ್ತೆ. ಕೊನೆಗೆ ಹಣ ಬೇಕೆಂದ. ‘ಹೆಣ ಬಂತ್ರಿ!’ ಎಂದು ಕೂಗಿದ್ದು ಯಾರು ಅಂತೀರಿ, ಎರಡು ವರ್ಷ ನನ್ನ ಮುಂದೆ ಒಂದು ಸಾಲೂ ಓದದೆ ಗೋಡೆಗೊರಗಿ ಕೂರುತ್ತಿದ್ದ ಆರನೇತ್ತೆಯ ಹುಡುಗಿ.

ಅಂದಿನಿಂದ ಟಕಾರ ತಕಾರ ನೋಡದೆ ಓದುವುದು ಅವಮಾನದ ಸಂಗತಿಯಾಯಿತು. ನಾನು ತಿದ್ದುತ್ತಿರಲಿಲ್ಲ. ಯಾರಾದರೂ ತಪ್ಪಿದರೆ ಉಳಿದವರು ‘ಕೋತಿ ಬಂತು, ಕೋತಿ ಬಂತು’ ಎನ್ನುತ್ತಿದ್ದರು, ತಪ್ಪಿದವನೂ ನಗುತ್ತಿದ್ದ. ತಿದ್ದುಪಡಿಗೆ ಇದಕ್ಕಿಂತ ಮೆತ್ತನೆಯ ಕೋಲು ನನಗೆ ಸಿಕ್ಕಿಲ್ಲ. ಚೀಟಿರಾಜನ ಕಥೆಯನ್ನು ಒಂದು ಎ4 ಹಾಳೆಗೆ ಎಂಟು ಪುಟ ಬರುವಂತೆ ಮಡಚಿ, ನಡುವೆ ಒಂದು ಕತ್ತರಿ ಹಾಕಿ ಪುಟ್ಟ ಪುಸ್ತಕ ಮಾಡಿದೆವು. ಹೊಲಿಗೆ ಬೇಡ, ಅಂಟು ಬೇಡ. ಜೆರಾಕ್ಸ್ ತೆಗೆದರೆ ಒಂದೇ ಹಾಳೆಯ ಖರ್ಚು.

ಕುವೆಂಪು ಅವರ ಕಿಂದರಿಜೋಗಿಯನ್ನು ಬಹಳ ಜನ ‘ಅದು ಪದ್ಯ, ಪಠ್ಯದಲ್ಲಿರುವುದು’ ಎಂದು ಬದಿಗಿಡುತ್ತಾರೆ. ನನ್ನ ಅನುಭವದಲ್ಲಿ ಓದದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಬಲೆ ಇಲ್ಲ. ಬ್ರೌನಿಂಗ್ ಕವಿಯ ಇಂಗ್ಲಿಷ್ ಕವಿತೆ ಅದರ ಮೂಲ, ಆದರೆ ಇಲಿಗಳೆಲ್ಲ ತುಂಗೆಯ ದಂಡೆಯವು. ಅಣ್ಣ, ತಮ್ಮ, ಅವ್ವ, ಅಪ್ಪ ಎಂದು ನೆಂಟಸ್ತಿಕೆಗೆಲ್ಲ ಇಲಿ ಕಟ್ಟುತ್ತ ಹೋಗುವ ಭಾಗಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿ, ನಮ್ಮೂರಲ್ಲಿ ಯಾವ ಯಾವ ಇಲಿ ಇವೆ ಎಂದೆ. ಕಾಕಿಲಿ, ಮಾಮಿಲಿ, ಸರಪಂಚಿಲಿ, ಕಂಡಕ್ಟರಿಲಿ ಒಂದರ ಹಿಂದೊಂದು ಬಂದವು. ಕ್ಯಾರಂ ಹುಡುಗ ಎದ್ದು ಬೋರ್ಡಿನ ಮೇಲೆ ‘ಪಿಡಿಓಯಿಲಿ’ ಎಂದು ಬರೆದ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ಒಂದು ಇಲಿ. ನಡುವೆ ಆ ಯಕಾರ ಎಲ್ಲಿಂದ ತಂದೆ ಎಂದರೆ, ‘ಇಲ್ಲಂದ್ರ ಬಾಯಿ ತಡವರಸತೈತ್ರಿ’ ಅಂದ. ಅವ್ವಿಲಿಯಲ್ಲಿ ಸ್ವರ ಲೋಪ, ಪಿಡಿಓಯಿಲಿಯಲ್ಲಿ ಯಕಾರ ಆಗಮ. ಲೋಪಸಂಧಿ, ಆಗಮಸಂಧಿ ಎಂದರೆ ತಲೆ ತಗ್ಗಿಸುವ ಹುಡುಗ ಅವನು. ಬಾಯಿಬಿಟ್ಟು ಹೇಳಿದ್ದರೆ ಸಂಧಿಯೆಂಬ ಹೆಸರು ಕೇಳಿದ ಕೂಡಲೇ ಓಡಿಹೋಗುತ್ತಿದ್ದ, ಸುಮ್ಮನಿದ್ದೆ. ಪಿಡಿಓ ಸಾಹೇಬರು ಬರುವ ಮೊದಲು ಬೋರ್ಡು ಒರೆಸಿದ್ದೂ ನಾನೇ.

ಇನ್ನೊಂದು ತೊಡಕು ನಾಚಿಕೆಯದು. ಹನ್ನೆರಡು ವರ್ಷದವನಿಗೆ ಎರಡನೇತ್ತೆಯ ಮಟ್ಟದ ಓದು ಮಾತ್ರ ಬರುತ್ತದೆ ಅಂದುಕೊಳ್ಳಿ. ಆ ಮಟ್ಟದ ಪುಸ್ತಕಗಳಲ್ಲಿ ಇರುವುದು ಚಿಟ್ಟೆ, ಚೆಂಡು, ಅಜ್ಜಿಯ ಮುತ್ತು. ಮೀಸೆ ಚಿಗುರುವ ಹೊತ್ತಿಗೆ ಚಿಟ್ಟೆಯ ಪುಸ್ತಕ ಹಿಡಿದು ಗೆಳೆಯರ ಮುಂದೆ ಕೂರುವುದು ಹೇಗೆ? ನಗೆಯ ಮಾಯಾಕಥೆಗಳ ದೊಡ್ಡ ಉಪಕಾರ ಇದೇ. ಸಾಲು ಸಣ್ಣದು, ಪದ ಸುಲಭ, ಆದರೆ ಒಳಗಿರುವುದು ಹೂಸು ಬಿಟ್ಟು ಬೆಟ್ಟ ಹಾರಿಸುವ ದೈತ್ಯ. ಅದನ್ನು ಓದುವಾಗ ಯಾರೂ ‘ಸಣ್ಣ ಹುಡುಗರದು’ ಎನ್ನುವುದಿಲ್ಲ. ಜೊತೆಗೆ ಇನ್ನೊಂದು ನೆಪ ಒದಗಿಸಿದೆ: ಶನಿವಾರ ಅಂಗನವಾಡಿ ಮಕ್ಕಳಿಗೆ ಓದಿ ಹೇಳುವ ಕೆಲಸ. ‘ಇದು ನನಗಲ್ಲ, ಸಣ್ಣವರಿಗೆ ಓದಾಕ’ ಎಂದು ರಾಜಾರೋಷವಾಗಿ ಸಣ್ಣ ಪುಸ್ತಕ ಒಯ್ದವರು ಮನೆಯಲ್ಲಿ ನಾಲ್ಕು ಸಲ ಓದಿ ತಯಾರಾಗಿ ಬರುತ್ತಿದ್ದರು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣ ಇಲ್ಲಿ ಕೈಹಿಡಿಯಿತು. ಅಲ್ಲಿ ಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ, ಕನ್ನಡದವೂ ಬೇಕಷ್ಟಿವೆ, ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ತೆಗೆದುಕೊಂಡರೆ ಯಾರ ಭಯವೂ ಇಲ್ಲ.

ಸೋತದ್ದೂ ಹೇಳಬೇಕು. ಹೊರದೇಶದ ಒಂದು ಮಾಂತ್ರಿಕ ಸಾಹಸದ ದಪ್ಪ ಅನುವಾದವನ್ನು ನನಗೆ ತುಂಬ ಇಷ್ಟವೆಂದು ಓದಲು ತಂದೆ. ಮೂರನೇ ಪುಟದಲ್ಲಿ ‘ಅವನಿಂದ ಬಾಗಿಲು ತೆರೆಯಲ್ಪಟ್ಟಿತು’ ಎಂದು ಬಂತು. ‘ಅಂದ್ರ, ಬಾಗಿಲಾ ಯಾರು ತಗದ್ರಿ?’ ಎಂದು ಒಬ್ಬಳು ಕೇಳಿದಳು. ಹತ್ತನೇ ಪುಟಕ್ಕೆ ಕೇಳುವವರು ನಾಲ್ಕೇ ಜನ. ಅನುವಾದವೆಂದರೆ ಹೀಗೇ ಇರಬೇಕಿಲ್ಲ. ಹಾಸ್ಯ ಬರೆಯುತ್ತಿದ್ದ ನಾ. ಕಸ್ತೂರಿಯವರು ಇಂಗ್ಲಿಷಿನ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯನ್ನು ಕನ್ನಡಕ್ಕೆ ತಂದಾಗ ಪುಸ್ತಕದ ಹೆಸರು ‘ಪಾತಾಳದಲ್ಲಿ ಪಾಪಚ್ಚಿ’. ಪಾಪಚ್ಚಿ ಎಂದು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿ, ತುಟಿಗೇ ನಗು ಬರುತ್ತದೆ. ಮಕ್ಕಳ ಪುಸ್ತಕ ಆರಿಸುವಾಗ ಈಗ ನಾನು ಮೊದಲು ಮಾಡುವ ಪರೀಕ್ಷೆ ಅದು: ಯಾವುದಾದರೂ ಒಂದು ಪುಟ ತೆರೆದು ಜೋರಾಗಿ ಓದುವುದು. ನನ್ನ ನಾಲಿಗೆಯೇ ಎಡವಿದರೆ ಅದನ್ನು ಕಪಾಟಿನಲ್ಲೇ ಬಿಡುತ್ತೇನೆ, ಎಷ್ಟೇ ಹೆಸರು ಮಾಡಿದ್ದಿರಲಿ.

ಎರಡನೆಯ ಸೋಲು ದೆವ್ವದ್ದು. ಬೇತಾಳನ ಕಥೆ ಹಿಡಿಸಿತ್ತಲ್ಲ ಎಂದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಖರೇ ಹೆದರಿಸುವ ಕಥೆಯೊಂದನ್ನು ಸಂಜೆ ಓದಿದೆ. ಮರುದಿನ ಒಬ್ಬ ತಾಯಿ ಸೊಂಟಕ್ಕೆ ಕೈಯಿಟ್ಟು ಬಂದರು. ‘ಏನ್ ಓದಸ್ತೀರಿ ಅಕ್ಕಾರ? ರಾತ್ರಿ ಹಾಸಿಗಿ ಎಲ್ಲಾ ಹಸಿ!’ ಎಂದು. ಹುಡುಗ ಅವರ ಸೆರಗಿನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ, ಹೇಳಬೇಡಿ ಎನ್ನುವ ಹಾಗೆ. ಆಮೇಲಿಂದ ನಮ್ಮಲ್ಲಿ ಬರುವ ದೆವ್ವಗಳಿಗೆ ಒಂದಲ್ಲ ಒಂದು ಊನ ಇರಲೇಬೇಕು. ಹಲ್ಲುನೋವು, ನಾಯಿಯ ಹೆದರಿಕೆ, ಇಲ್ಲವೇ ಮರೆವು.

ಬೇತಾಳ ಎಂದೆನಲ್ಲ, ಅದು ಚಂದಮಾಮದ್ದು. 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದ ಮಾಸಪತ್ರಿಕೆ. ಈಗ ನಿಂತುಹೋಗಿದೆ. ನಿವೃತ್ತ ಮಾಸ್ತರರೊಬ್ಬರು ವರ್ಷದ ಸಂಚಿಕೆಗಳನ್ನು ಸೇರಿಸಿ ಹೊಲಿಸಿಟ್ಟಿದ್ದ ಮೂರು ಕಟ್ಟು ತಂದುಕೊಟ್ಟರು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನ ಆ ಶಂಕರ್ ಅವರ ಚಿತ್ರ ನೋಡಿದ ಮಕ್ಕಳಿಗೆ ಮುಖ್ಯವಾದದ್ದು ಕಥೆಯ ಜಾಣತನವಲ್ಲ, ರಾಜನ ದಡ್ಡತನ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ, ಹೇಳಿದರೆ ಮೌನ ಮುರಿದು ಬೇತಾಳ ಹಾರಿಹೋಗುತ್ತದೆ. ‘ಗೊತ್ತಿಲ್ಲ ಅಂದಿದ್ರ ಮುಗೀತಿತ್ತಲ್ರಿ! ನಾವು ಸಾಲ್ಯಾಗ ದಿನಾ ಅಂತೀವಿ.’ ಇಷ್ಟು ವರ್ಷ ಓದಿಯೂ ನನಗಿದು ಹೊಳೆದಿರಲಿಲ್ಲ.

ಆ ಕಟ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹರಿದರೆ ನಿಮ್ಮ ಸಂಬಳದಿಂದ ಹಿಡಿಯಬೇಕಾದೀತು ಎಂದು ತಪಾಸಣೆಗೆ ಬಂದವರೊಬ್ಬರು ಎಚ್ಚರಿಸಿ ಹೋದರು. ಬೀಗ ಹಾಕಿದ್ದು ಎರಡು ದಿನ. ಆಮೇಲೆ ದಬ್ಬಳ, ದಾರ, ಮೈದಾ ಅಂಟು ತಂದಿಟ್ಟುಕೊಂಡೆ. ತಿಂಗಳ ಕೊನೆಯ ಶನಿವಾರ ಪುಸ್ತಕ ಹೊಲಿಯುವ ದಿನ. ಹೊಲಿಯುತ್ತ ಕುಳಿತವರು ಕೈಯಲ್ಲಿರುವ ಪುಟವನ್ನು ಓದದೆ ಬಿಡುವುದಿಲ್ಲ ಎಂಬುದು ಆಕಸ್ಮಿಕವಾಗಿ ಸಿಕ್ಕ ಲಾಭ.

ಈಗಿನ ತಲೆನೋವು ಬೇರೆ. ಸಣ್ಣವನ್ನೆಲ್ಲ ಮುಗಿಸಿದವರು ‘ಇಂಥದ್ದ ದಪ್ಪಂದು ಕೊಡ್ರಿ’ ಎನ್ನುತ್ತಾರೆ. ಹನ್ನೆರಡು ಹದಿಮೂರರ ಮಕ್ಕಳಿಗೆ ನೂರು ಪುಟದ, ನಗಿಸುವ, ಕನ್ನಡದ್ದೇ ಆದ ಮಾಯಾಸಾಹಸ ನನ್ನ ಕಪಾಟಿನಲ್ಲಿ ಒಂದು ಕೈಯ ಬೆರಳಿಗೂ ಸಾಲುವುದಿಲ್ಲ. ಅದಕ್ಕೇ ಬೋರ್ಡಿನ ಮೇಲೆ ನಾವೇ ಒಂದನ್ನು ಶುರು ಮಾಡಿದ್ದೇವೆ. ದಿನಕ್ಕೆ ಒಬ್ಬರು, ಎರಡೇ ಸಾಲು. ಸಂಜೆ ಬಂದವರು ಹಿಂದಿನದೆಲ್ಲ ಓದಿ ಮುಂದಿನದು ಬರೆಯಬೇಕು, ಬೋರ್ಡು ತುಂಬಿದರೆ ನೋಟುಬುಕ್ಕಿಗೆ ಇಳಿಸಬೇಕು. ಸದ್ಯ ನಮ್ಮೂರಿನ ಓವರ್‌ಹೆಡ್ ಟ್ಯಾಂಕಿನೊಳಗೆ ಸ್ನಾನಕ್ಕಿಳಿದ ರಾಕ್ಷಸ ಹೊಟ್ಟೆ ಉಬ್ಬಿ ಸಿಕ್ಕಿಕೊಂಡು ಹನ್ನೊಂದು ದಿನವಾಯಿತು. ನಲ್ಲಿಯಲ್ಲಿ ನೀರಿನ ಬದಲು ಅವನ ಗೊರಕೆ ಬರುತ್ತಿದೆ. ಜೆಸಿಬಿ ತರಿಸಿ ಎಳೆಯೋಣ ಎಂದು ಕ್ಯಾರಂ ಹುಡುಗ ಮೊನ್ನೆ ಬರೆದ. ಅದರ ಕೆಳಗೆ, ಗೋಡೆಗೊರಗಿ ಕೂರುತ್ತಿದ್ದ ಹುಡುಗಿ ನಿನ್ನೆ ಬರೆದು ಹೋಗಿದ್ದಾಳೆ: ‘ಜೆಸಿಬಿಗೆ ಗ್ರಾಮಸಭೆಯ ಠರಾವು ಬೇಕು. ಠರಾವಿಗೆ ರಾಕ್ಷಸನ ಆಧಾರ್ ಕಾರ್ಡ್ ಜೆರಾಕ್ಸ್ ಲಗತ್ತಿಸಬೇಕು.’