ಅಮ್ಮನ ಕುರ್ಚಿಯಿಂದ ನೋಡಿ ಆರಿಸಿದ ಟಿವಿ

ನಮ್ಮ ಹಾಲ್‌ನಲ್ಲಿ ಟಿವಿಗೆ ನೇರ ಎದುರು ಸೋಫಾ ಇದೆ. ಅಮ್ಮ ಮಾತ್ರ ಅಲ್ಲಿ ಕೂರುವುದಿಲ್ಲ. ಬೆನ್ನುನೋವಿಗೆ ಕಿಟಕಿ ಪಕ್ಕದ ಮರದ ಕುರ್ಚಿಯೇ ಅವರಿಗೆ ಆಗಿಬರುವುದು. ಅಲ್ಲಿಂದ ಟಿವಿ ಓರೆಯಾಗಿ ಕಾಣುತ್ತದೆ. ಹಳೇ ಟಿವಿ ಕೆಟ್ಟು, ಕಡಿಮೆ ಬೆಲೆಯಲ್ಲಿ ಒಂದು ತೆಳ್ಳನೆಯ ಟಿವಿ ತರೋಣ ಎಂದು ಹೊರಟಾಗ ನಾನು ಈ ಕುರ್ಚಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೊನೆಗೆ ಯಾವ ಟಿವಿ ಎಂದು ತೀರ್ಮಾನಿಸಿದ್ದು ಆ ಕುರ್ಚಿಯೇ.

ಮೊದಲು ಮಾಡಿದ್ದು ಗೋಡೆಗೆ ಹಳೇ ಪೇಪರ್ ಅಂಟಿಸಿದ್ದು. ಟಿವಿಯ ಇಂಚು ಎಂದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದದ್ದು. ಹಾಗಾಗಿ ಇಂಚು ಕೇಳಿದರೆ ಗೋಡೆಯ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಹೊಳೆಯುವುದಿಲ್ಲ. 43 ಇಂಚಿನ ಪರದೆ ಸುಮಾರು 95 ಸೆಂ.ಮೀ. ಅಗಲ, 54 ಸೆಂ.ಮೀ. ಎತ್ತರ. 55 ಇಂಚಿನದು 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ. ಎರಡೂ ಅಳತೆಗೆ ಪೇಪರ್ ಜೋಡಿಸಿ ಎರಡು ದಿನ ಗೋಡೆಯ ಮೇಲೆ ಬಿಟ್ಟೆವು. ದೊಡ್ಡದು ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ಸೋಫಾದಿಂದ ಗೋಡೆಗೆ ಎರಡು ಮೀಟರ್. ಆ ದೂರಕ್ಕೆ 43 ಸಾಕು ಎಂದು ಮನೆಯವರೆಲ್ಲ ಒಪ್ಪಿದರು.

ಫುಲ್ ಎಚ್‌ಡಿ ಸಾಕೇ, 4ಕೆ ಬೇಕೇ ಎಂಬ ಇನ್ನೊಂದು ಪ್ರಶ್ನೆಯನ್ನೂ ಅದೇ ಎರಡು ಮೀಟರ್ ಬಗೆಹರಿಸಿತು. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದೊಂದು ಚುಕ್ಕೆ ಅರ್ಧ ಮಿಲಿಮೀಟರಿನಷ್ಟಿರುತ್ತದೆ. ಎರಡು ಮೀಟರ್ ದೂರದಿಂದ ಸಾಮಾನ್ಯ ಕಣ್ಣು ಅದನ್ನು ಬಿಡಿಬಿಡಿಯಾಗಿ ಗುರುತಿಸುವುದೇ ಕಷ್ಟ. ಅದರ ನಾಲ್ಕು ಪಟ್ಟು ಚುಕ್ಕೆಗಳಿರುವ 4ಕೆ ಸಿಕ್ಕರೆ ಇರಲಿ, ಅದಕ್ಕೆಂದೇ ಹೆಚ್ಚು ದುಡ್ಡು ಕೊಡುವುದು ಬೇಡ ಎಂದುಕೊಂಡೆ. ತೀರಾ ಬೆಳಕಿನ, ತೀರಾ ಕತ್ತಲಿನ ಭಾಗಗಳೆರಡರ ವಿವರವನ್ನೂ ತೋರಿಸುವ ಎಚ್‌ಡಿಆರ್ ವಿಷಯವೂ ಹಾಗೇ. ಕಡಿಮೆ ಬೆಲೆಯ ಟಿವಿಗಳ ಮೇಲೂ ಆ ಲೇಬಲ್ ಇರುತ್ತದೆ, ಆದರೆ ಅದರ ಸೊಗಸು ಕಾಣಬೇಕಾದರೆ ಪರದೆಗೆ ಒಳ್ಳೇ ಬೆಳಕು ಬೇಕು. ಪರದೆಯ ಬೆಳಕನ್ನು ಅಳೆಯುವುದು ನಿಟ್ಸ್‌ನಲ್ಲಿ. ಸುಮಾರು 300 ನಿಟ್ಸ್ ಬೆಳಕಿನ ಪರದೆ ಎಚ್‌ಡಿಆರ್ ಸಿಗ್ನಲ್ ತೆಗೆದುಕೊಳ್ಳುತ್ತದೆ, ಅದನ್ನು ಪೂರ್ತಿ ತೋರಿಸಲಾರದು.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ರಾತ್ರಿ ಮಂದ ಬೆಳಕಿನಲ್ಲಿ ಮನೆಯವರನ್ನು ತೆಗೆದ ಒಂದು ವಿಡಿಯೊ, ಬರೀ ಬೂದು ಬಣ್ಣದ ಒಂದು ಚಿತ್ರ, ಚೆಂಡು ವೇಗವಾಗಿ ಓಡುವ ಆಟದ ಒಂದು ತುಣುಕು, ಇಷ್ಟೇ ಅದರಲ್ಲಿದ್ದದ್ದು. ಅಂಗಡಿಯಲ್ಲಿ ಓಡುವ ವಿಡಿಯೊಗಳನ್ನು ನೋಡಿ ಟಿವಿ ಆರಿಸಲು ಆಗುವುದಿಲ್ಲ. ಅವು ಕಣ್ಣು ಸೆಳೆಯಲೆಂದೇ ತಯಾರಾದವು, ಟಿವಿಯನ್ನೂ ಅತಿ ಹೆಚ್ಚು ಬೆಳಕಿನ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಮಾರಾಟದ ಹುಡುಗನಿಗೆ "ಸ್ವಲ್ಪ ಹೋಮ್ ಮೋಡ್‌ಗೆ ಹಾಕಪ್ಪ, ನನ್ನ ಪೆನ್‌ಡ್ರೈವ್ ಹಚ್ಚಿ ನೋಡ್ತೀನಿ" ಅಂದೆ. ಬೇಸರವಿಲ್ಲದೆ ಹಾಕಿಕೊಟ್ಟ.

ಅಲ್ಲಿದ್ದ ಅತಿ ತೆಳ್ಳನೆಯ ಟಿವಿ ನನಗೆ ತುಂಬಾ ಹಿಡಿಸಿತ್ತು. ಅದರಲ್ಲಿ ಬೂದು ಚಿತ್ರ ಹಾಕಿದೆ. ಕೆಳಗಿನ ಎರಡೂ ಮೂಲೆಗಳಲ್ಲಿ ಯಾರೋ ಟಾರ್ಚ್ ಬಿಟ್ಟ ಹಾಗೆ ಬಿಳಿಚು. ಕಾರಣ ಅದರ ತೆಳುತನವೇ. ಎಲ್‌ಇಡಿ ಟಿವಿ ಎಂದು ನಾವು ಕರೆಯುವುದು ಎಲ್‌ಸಿಡಿ ಪರದೆಗೆ ಹಿಂದಿನಿಂದ ಎಲ್‌ಇಡಿ ಬೆಳಕು ಕೊಟ್ಟ ಟಿವಿಯನ್ನು. ತೀರಾ ತೆಳ್ಳಗಿನವುಗಳಲ್ಲಿ ಈ ಎಲ್‌ಇಡಿಗಳು ಅಂಚಿನಲ್ಲಿ ಮಾತ್ರ ಇರುತ್ತವೆ. ಒಂದು ಹಾಳೆ ಆ ಬೆಳಕನ್ನು ಪರದೆಯ ತುಂಬ ಹರಡಬೇಕು, ಅಗ್ಗದ ಟಿವಿಯಲ್ಲಿ ಅದು ಸಮನಾಗಿ ಹರಡುವುದಿಲ್ಲ. ಪಕ್ಕದಲ್ಲಿದ್ದ ತುಸು ದಪ್ಪ ಟಿವಿಯಲ್ಲಿ ಎಲ್‌ಇಡಿಗಳು ಪರದೆಯ ಹಿಂದೆಯೇ ಸಾಲಾಗಿದ್ದವು, ಬೂದು ಬಣ್ಣ ಎಲ್ಲ ಕಡೆಯೂ ಒಂದೇ ಸಮ ಇತ್ತು. ಇನ್ನೊಂದು ಗಮನಿಸಿದೆ: ತೆಳ್ಳಗಿನ ಟಿವಿಯೂ ಮೇಲ್ಭಾಗದಲ್ಲಿ ಮಾತ್ರ ತೆಳು. ಸರ್ಕ್ಯೂಟ್ ಬೋರ್ಡ್ ಇರುವ ಕೆಳಭಾಗ ಉಬ್ಬಿಕೊಂಡೇ ಇರುತ್ತದೆ. ಗೋಡೆಗೆ ಹಾಕಿದರೆ ಲೆಕ್ಕಕ್ಕೆ ಬರುವುದು ಆ ಉಬ್ಬೇ. ಎದುರು ಕೂತವರಿಗಂತೂ ಟಿವಿಯ ದಪ್ಪ ಕಾಣುವುದೇ ಇಲ್ಲ.

ಆಮೇಲೆ ರಾತ್ರಿಯ ವಿಡಿಯೊ ಹಾಕಿದೆವು. ಎದುರಿನಿಂದ ಒಂದು ಟಿವಿ ಬಹಳ ಚೆನ್ನಾಗಿತ್ತು. ಕತ್ತಲೆ ಕತ್ತಲೆಯಾಗಿಯೇ ಕಾಣುತ್ತಿತ್ತು. ಅದು ವಿಎ ಪ್ಯಾನೆಲ್, ಎಲ್‌ಸಿಡಿ ಪರದೆಯ ಒಂದು ಬಗೆ. ಬಿಲ್ ಮಾಡಿಸೋಣ ಅನ್ನುವಷ್ಟರಲ್ಲಿ ಅಮ್ಮನ ಕುರ್ಚಿ ನೆನಪಾಯಿತು. ಅಷ್ಟೇ ಓರೆಗೆ ಸರಿದು ನಿಂತು ನೋಡಿದೆ. ಮುಖಗಳೆಲ್ಲ ಬೂದಿ ಬಳಿದ ಹಾಗೆ ಪೇಲವ. ಪಕ್ಕದಲ್ಲಿದ್ದದ್ದು ಇನ್ನೊಂದು ಬಗೆಯ ಐಪಿಎಸ್ ಪ್ಯಾನೆಲ್. ಅದರಲ್ಲಿ ಎದುರಿನಿಂದ ನೋಡಿದರೆ ಕಪ್ಪು ಅಷ್ಟು ಗಾಢವಿರಲಿಲ್ಲ, ಆದರೆ ಪಕ್ಕಕ್ಕೆ ಎಷ್ಟು ಸರಿದರೂ ಮುಖದ ಬಣ್ಣ ಹೆಚ್ಚು ಬದಲಾಗಲಿಲ್ಲ. ಎಲ್ಲರೂ ನೇರ ಎದುರು ಕೂತು, ದೀಪ ಆರಿಸಿ ಸಿನಿಮಾ ನೋಡುವ ಮನೆಗೆ ನಾನು ವಿಎ ತಗೊಳ್ಳಿ ಅಂತಲೇ ಹೇಳುವೆ. ನಮ್ಮ ಮನೆಯಲ್ಲಿ ದಿನವಿಡೀ ಟಿವಿ ನೋಡುವವರು ಅಮ್ಮ, ಅದೂ ಕಿಟಕಿಯ ಬೆಳಕಿನಲ್ಲಿ. ಐಪಿಎಸ್ ತಗೊಂಡೆ.

ರಿಮೋಟ್ ಹಿಡಿದು ಮೆನುವಿನಲ್ಲಿ ಹಿಂದೆ ಮುಂದೆ ಓಡಾಡಿದೆ, ಟಿವಿ ತಡವರಿಸಲಿಲ್ಲ. ಎಚ್‌ಡಿಎಂಐ ಪೋರ್ಟ್ ಮೂರಿದ್ದವು, ಒಂದರಲ್ಲಿ ಎಆರ್‌ಸಿ, ಅಂದರೆ ಟಿವಿಯ ಸದ್ದನ್ನು ಹೊರಗಿನ ಸ್ಪೀಕರ್‌ಗೆ ಕಳಿಸುವ ಸೌಲಭ್ಯ, ಇತ್ತು. ಅದು ಬೇಕೇ ಬೇಕು ಎಂದು ಪಟ್ಟು ಹಿಡಿದಿದ್ದೆ. ತೆಳ್ಳನೆ ಟಿವಿಯಲ್ಲಿ ಸ್ಪೀಕರ್‌ಗೆ ಜಾಗವೇ ಇರುವುದಿಲ್ಲ. ಇರುವ ಪುಟ್ಟ ಸ್ಪೀಕರ್ ಕೆಳಮುಖವಾಗಿರುತ್ತದೆ, ಮಾತು ಡಬ್ಬಿಯೊಳಗಿನಿಂದ ಬಂದ ಹಾಗೆ ಕೇಳುತ್ತದೆ. ಅದಕ್ಕೇ ಟಿವಿಗೆಂದು ಇಟ್ಟ ದುಡ್ಡಿನಲ್ಲೇ ಒಂದು ಪಾಲು ಸೌಂಡ್‌ಬಾರ್ ಎಂಬ ಉದ್ದನೆಯ ಹೊರಸ್ಪೀಕರ್‌ಗೆ ತೆಗೆದಿಟ್ಟಿದ್ದೆ. ಎಆರ್‌ಸಿ ಇದ್ದರೆ ಒಂದೇ ಕೇಬಲ್‌ನಲ್ಲಿ ಕೆಲಸ ಮುಗಿಯುತ್ತದೆ, ಟಿವಿಯ ರಿಮೋಟ್‌ನಲ್ಲೇ ಅದರ ಸದ್ದನ್ನೂ ಏರಿಸಿ ಇಳಿಸಬಹುದು.

ಮನೆಗೆ ಬಂದ ಮೊದಲ ಟಿವಿಯ ಪೆಟ್ಟಿಗೆಯನ್ನು ಗಾಡಿಯಲ್ಲಿ ಅಡ್ಡ ಮಲಗಿಸಿ ತಂದಿದ್ದರು. ತೆಳ್ಳನೆ ಪರದೆಯನ್ನು ಯಾವತ್ತೂ ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು, ಮಲಗಿಸಿದರೆ ನಡುವೆ ಬಾಗುತ್ತದೆ. ತಂದವರು ಇರುವಾಗಲೇ ಬಿಚ್ಚಿಸಿ ಅದೇ ಬೂದು ಚಿತ್ರ ಹಾಕಿದೆ. ಬಲಗಡೆ ಮೇಲಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ಗೆರೆ. ಬೇರೆ ಚಿತ್ರವಾಗಿದ್ದರೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಫೋಟೊ ತೆಗೆದು, ಅಲ್ಲೇ ಬರೆಸಿಕೊಂಡು ವಾಪಸ್ ಕಳಿಸಿದೆ. ವಾರದಲ್ಲಿ ಬೇರೆ ಬಂತು.

ಗೋಡೆಗೆ ಹಾಕುವಾಗ ಬಂದ ಹುಡುಗ ಮೇಲೆ ಎತ್ತರದಲ್ಲಿ ಹಾಕಲು ಹೊರಟಿದ್ದ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿದೆ. ನೆಲದಿಂದ 105 ಸೆಂ.ಮೀ. ಪರದೆಯ ನಡು ಅಲ್ಲಿಗೆ ಬರುವಂತೆ ಬ್ರಾಕೆಟ್ ಕೂರಿಸಿದ. ಪಿಕ್ಚರ್ ಮೋಡ್ ಸಿನಿಮಾಕ್ಕೆ ಇಟ್ಟು, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿದೆ. ಅದು ಚಾಲೂ ಇದ್ದರೆ ಸಿನಿಮಾ ಕೂಡ ಧಾರಾವಾಹಿಯ ಹಾಗೆ ಕಾಣುತ್ತದೆ.

"ಏನೋ ಹಳದಿ ಹಳದಿ ಕಾಣ್ತದಲ್ಲೋ" ಅಂದರು ಅಮ್ಮ. ಎರಡು ದಿನ ನೋಡಮ್ಮ, ಆಮೇಲೂ ಬೇಡ ಅಂದರೆ ಬದಲಾಯಿಸ್ತೀನಿ ಅಂದೆ. ಮೂರನೇ ದಿನ ನಾನೇ ಕೇಳಿದಾಗ ಅವರಿಗೆ ಆ ಮಾತೇ ಮರೆತುಹೋಗಿತ್ತು. ಕುರ್ಚಿಯಲ್ಲಿ ಬೆನ್ನು ಆನಿಸಿಕೊಂಡು, ಪರದೆಯ ಕೆಳಗೆ ಓಡುವ ಸುದ್ದಿಯ ಸಾಲನ್ನು ನನಗೆ ಓದಿ ಹೇಳುತ್ತಿದ್ದರು.